ಮಡಿಲಲ್ಲಿ ಸಿಂಹ: ಅಥೆನ್ಸ್‌ನಲ್ಲಿ ಕಿಬೆಲೆಯನ್ನು ಗುರುತು ಹಿಡಿಯುವುದು ಹೇಗೆ

ಅಥೆನ್ಸ್‌ನ ಅಗೋರಾ, ಅಂದರೆ ಹಳೇ ಕಾಲದ ಸಂತೆ-ಸಭೆಗಳ ಬಯಲು. ಅಲ್ಲಿನ ಮ್ಯೂಸಿಯಂಗೆ ಮೊದಲ ಸಲ ಹೋದಾಗ ಗ್ರೀಕರು ಪೂಜಿಸುತ್ತಿದ್ದ ತಾಯಿದೇವತೆ ಕಿಬೆಲೆಯನ್ನು ನೋಡದೆಯೇ ಬಂದುಬಿಟ್ಟಿದ್ದೆ. ಆಳೆತ್ತರದ ವಿಗ್ರಹಗಳ ಮುಂದೆಯೇ ಹೊತ್ತು ಹೋಯಿತು. ಎರಡನೇ ಸಲ ಮಗಳ ಜೊತೆ ಹೋದೆ, ಸಣ್ಣ ಕಲ್ಲುಗಳ ಮುಂದೆ ಬಗ್ಗಿ ನಿಂತೆ. ನೀವೂ ಹಾಗೇ ಮಾಡಿ.

ಪುಟ್ಟ ಗುಡಿಯ ಆಕಾರದ ಕಲ್ಲುಗಳನ್ನು ಹುಡುಕಿ. ಎಷ್ಟೋ ಕಲ್ಲುಗಳು ಒಂದೆರಡು ಗೇಣು ಎತ್ತರ, ಅಷ್ಟೇ. ಒಳಗೆ ಪೀಠದ ಮೇಲೆ ಒಬ್ಬ ಹೆಂಗಸು ನೆಟ್ಟಗೆ ಕೂತಿರುತ್ತಾಳೆ. ಮುಖ ಸವೆದಿದ್ದರೆ ಚಿಂತೆ ಬೇಡ, ಸೀದಾ ಮಡಿಲು ನೋಡಿ. ಅಲ್ಲಿ ಬೆಕ್ಕಿನಷ್ಟು ಪುಟ್ಟ ಸಿಂಹ ಮಲಗಿದ್ದರೆ ಅವಳೇ. ಕೆಲವು ಕಲ್ಲುಗಳಲ್ಲಿ ಸಿಂಹ ಪಕ್ಕದಲ್ಲಿರುತ್ತದೆ.

ಸಿಂಹ ಕಂಡ ಕೂಡಲೇ ಮಗಳು "ದುರ್ಗೆ ಅಲ್ವಾಮ್ಮಾ?" ಎಂದಳು. ಕೈ ನೋಡು ಎಂದೆ. ಇರುವುದು ಎರಡೇ ಕೈ, ಆಯುಧವಿಲ್ಲ. ಒಂದರಲ್ಲಿ ದೇವರಿಗೆ ದ್ರಾಕ್ಷಾರಸ ಸುರಿಯುವ ಅಗಲ ಬಟ್ಟಲು. ಇನ್ನೊಂದರಲ್ಲಿ ಟಿಂಪನಾನ್, ಅಂದರೆ ದೊಡ್ಡ ಕಂಜಿರದಂತೆ ಚರ್ಮ ಬಿಗಿದ ವಾದ್ಯ. ಅದನ್ನು ಗುರಾಣಿ ಎಂದುಕೊಂಡು ಯುದ್ಧದೇವತೆ ಅಥೀನಾ ಎನ್ನಬೇಡಿ. ಈ ವಾದ್ಯದ ಸದ್ದಿಗೆ ಜೀವ ತೆತ್ತವನೂ ಇದ್ದಾನೆ. ಕಪ್ಪು ಸಮುದ್ರದ ಉತ್ತರಕ್ಕಿದ್ದ ಸಿಥಿಯ ನಾಡಿನ ಅನಾಖಾರ್ಸಿಸ್, ಗ್ರೀಕರ ಊರಾದ ಕಿಝಿಕೋಸ್‌ನಲ್ಲಿ ಈ ತಾಯಿದೇವತೆಯ ಹಬ್ಬ ನೋಡಿ ಹರಕೆ ಹೊತ್ತ. ಊರಿಗೆ ಮರಳಿ, ಪುಟ್ಟ ಮೂರ್ತಿಗಳನ್ನು ಮೈಗೆ ಕಟ್ಟಿಕೊಂಡು ಕಾಡಿನಲ್ಲಿ ಟಿಂಪನಾನ್ ಬಾರಿಸಿದ. ಪರದೇಶದ ಪೂಜೆ ಮಾಡಿದನೆಂದು ರಾಜನಾಗಿದ್ದ ಸ್ವಂತ ಅಣ್ಣತಮ್ಮನೇ ಬಾಣ ಬಿಟ್ಟು ಕೊಂದ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆ ಇದು. ಆ ಕಲ್ಲಿನ ಮುಂದೆ ನಿಂತು ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಬರಹವಿದ್ದರೆ ಕಿಬೆಲೆ ಎಂಬ ಹೆಸರಿಗಾಗಿ ಜಾಸ್ತಿ ಹುಡುಕಬೇಡಿ. ಗ್ರೀಕರು ಸುಮ್ನೆ 'ಮೇತೆರ್', ತಾಯಿ, ಎಂದೇ ಬರೆಯುತ್ತಿದ್ದರು. ಈಗಿನ ಟರ್ಕಿಯಲ್ಲಿದ್ದ ಫ್ರಿಜಿಯ ಅವಳ ತವರು. ಅಲ್ಲಿಯವರು ಅವಳನ್ನು ಕರೆದಿದ್ದು 'ಮಾತರ್' ಎಂದು. ನಮ್ಮ 'ಮಾತೃ' ನೆನಪಾಗುತ್ತದೆ, ಅಲ್ವಾ? ತವರಿನ ಹಳೆಯ ಶಿಲ್ಪಗಳಲ್ಲಿ ಅವಳು ಬಾಗಿಲ ಚೌಕಟ್ಟಿನೊಳಗೆ ನಿಂತಿರುತ್ತಾಳೆ, ಕೈಯಲ್ಲಿ ಬೇಟೆಹಕ್ಕಿ. ಅಂಕಾರಾದ ಮ್ಯೂಸಿಯಂನಲ್ಲಿ ಅಂಥವು ಸಿಗುತ್ತವೆ. ಗ್ರೀಸ್‌ಗೆ ಬಂದ ಮೇಲೆ ಕೂತಳು, ಹಕ್ಕಿಯ ಜಾಗಕ್ಕೆ ಸಿಂಹ ಬಂತು. ಬಾಗಿಲು ಮಾತ್ರ ಜೊತೆಗೇ ಬಂತು.

ಮ್ಯೂಸಿಯಂ ಮುಗಿಸಿ ಅಗೋರಾ ಬಯಲು ದಾಟಿ, ಪಶ್ಚಿಮಕ್ಕಿರುವ ಮೆತ್ರೋಆನ್‌ಗೆ, ಅಂದರೆ ಈ ತಾಯಿಯ ಗುಡಿಗೆ, ಹೋಗಿ. ಉಳಿದಿರುವುದು ಹೆಚ್ಚಾಗಿ ತಳಪಾಯ. ಆದರೆ ಅಥೆನ್ಸ್‌ನ ಕಾನೂನು, ಸರ್ಕಾರಿ ದಾಖಲೆಗಳೆಲ್ಲ ಈ ತಾಯಿಯ ಮನೆಯಲ್ಲೇ ಇರುತ್ತಿದ್ದವು. ಹೊರಗಿನಿಂದ ಬಂದವಳ ಮೇಲೆ ಎಂಥ ನಂಬಿಕೆ! ಬೇಸಿಗೆಯಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಆ ಕಲ್ಲುಗಳು ಸುಡುತ್ತವೆ.