ಕಪಾಟಿನ ಬಾಗಿಲ ಪಾದಕ್ಕೂ ಬಣ್ಣ ಬಳಿಯಿರಿ

ಹೋದ ಏಪ್ರಿಲ್‌ನಲ್ಲಿ ನಮ್ಮ ಸೊಸೆ ಮಲಗುವ ಕೋಣೆಯ ಗೋಡೆ ಕಪಾಟಿಗೆ ಬಾಗಿಲು ಹಾಕಿಸಿದಳು. ಜಡಿಮಳೆಯ ಕಕ್ಕಡ ತಿಂಗಳು (ಜುಲೈ ನಡುವಿನಿಂದ) ಬರುವಷ್ಟರಲ್ಲಿ ಅದನ್ನು ತೆಗೆಯಬೇಕಾದರೆ ಮಂಚಕ್ಕೆ ಕಾಲು ಕೊಟ್ಟು ಎಳೆಯುವ ಸ್ಥಿತಿ. ಒಳಗೆ ಮದುವೆ ಸೀರೆಯ ಮೇಲೆ ಬೂಷ್ಟು. "ಆಚಾರಿ ಸರಿಯಿಲ್ಲ ಅತ್ತೆ" ಅಂತಾಳೆ. ಬಾಗಿಲು ಕಳಚಿಸಿ ಮಗುಚಿ ನೋಡಿದೆ. ಮುಂದುಗಡೆ ಸನ್‌ಮೈಕಾ ಮಿರಮಿರ, ಪಾದದಲ್ಲಿ ಬೆತ್ತಲೆ ಮರ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕೊಡಗಿನ ಸೋಮವಾರಪೇಟೆಯಲ್ಲಿ ಅದು ಊದದೆ ಇನ್ನೇನು ಮಾಡುತ್ತೆ?

ಬಾಗಿಲಿಗೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ. 8 ಅಡಿ ಉದ್ದ 4 ಅಡಿ ಅಗಲದ ಒಂದೇ ಪ್ಲೈವುಡ್ ಶೀಟಿನಲ್ಲಿ ಸಾಧಾರಣ ಕಪಾಟಿಗೆ ಜೋಡಿ ಬಾಗಿಲು ಬರುತ್ತೆ. 18 ಮಿಲಿಮೀಟರ್ ದಪ್ಪದ್ದು ಸಾಕು. ಐಎಸ್ 710 ಅಂತ ಮುದ್ರೆ ಇರುವುದು ನೀರು ತಡೆಯುವ ಜಾತಿ, ಬೆಲೆ ಜಾಸ್ತಿ. ಅದು ಅಡುಗೆಮನೆ ಸಿಂಕಿನ ಕೆಳಗಿರಲಿ, ಮಲಗುವ ಕೋಣೆಗೆ ಐಎಸ್ 303ರ ಎಂಆರ್, ಅಂದರೆ ತಕ್ಕಮಟ್ಟಿಗೆ ತೇವ ತಾಳುವ ಪ್ಲೈ ನಡೆಯುತ್ತೆ. ಉಳಿದ ದುಡ್ಡು ಗಟ್ಟಿ ತಿರುಗಣಿಗೆ ಹಾಕಿ, ಬಾಗಿಲೊಂದಕ್ಕೆ ಮೂರು. ಮರದ ಪುಡಿ ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ, ತೇವ ಕುಡಿದು ಅಕ್ಕಿ ರೊಟ್ಟಿ ಹಾಗೆ ಉಬ್ಬುತ್ತೆ. ತೋಟದ ಸಿಲ್ವರ್ ಓಕ್ ಕೊಯ್ಸಿದ್ದೀರಾದರೆ ಇನ್ನೂ ಅಗ್ಗ, ಆದರೆ ಒಂದಿಂಚಿನ ಹಲಗೆ ನೆರಳಲ್ಲಿ ಒಂದು ವರ್ಷವಾದರೂ ಒಣಗಲಿ. ನಮ್ಮ ಮನೆಯವರು ಅವಸರಪಟ್ಟು ಹಸಿ ಹಲಗೆಯಲ್ಲೇ ಮಾಡಿಸಿದ ಬಾಗಿಲು ಹಪ್ಪಳದಂತೆ ಸೊಟ್ಟಗಾಗಿ ಕೊನೆಗೆ ಕೋಳಿಗೂಡಿಗೆ ಹೋಯಿತು.

ಅಳತೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಿರಿ. ನಮ್ಮ ಗೋಡೆ ಯಾವುದು ನೇರ ಇದೆ? ಕಡಿಮೆ ಬಂದದ್ದೇ ಲೆಕ್ಕ. ಬೇಸಿಗೆಯಲ್ಲಿ ಕೂರಿಸುವುದಾದರೆ ಸುತ್ತ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪದ ಸಂದು ಬಿಡಿ.

ಈಗ ನಾನು ಹಟ ಹಿಡಿಯುವ ಕೆಲಸ. ಕೊಯ್ದ ಪ್ಲೈಯ ಅಂಚು ಮರದ ಬಾಯಿ ಇದ್ದ ಹಾಗೆ, ತೇವ ಎಲ್ಲ ಅಲ್ಲಿಂದಲೇ ಕುಡಿಯುತ್ತೆ. ಗೋಡೆಗೆ ಸಿಕ್ಕಿಸುವ ಮೊದಲೇ ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ. ಅಂಚನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಬೆರಳಾಡಿಸಿದರೆ ಸಿಬಿರು ತಾಗಬಾರದು. ಮೊದಲ ಸಲ ಪ್ರೈಮರ್ ಮಜ್ಜಿಗೆಯಷ್ಟು ತೆಳುವಿರಲಿ, ಒಳಗಿಳಿಯಬೇಕಲ್ಲ. ಮಾರನೇ ದಿನ ಮುಟ್ಟಿ ನೋಡಿ, ಎದ್ದ ನಾರನ್ನು ಮತ್ತೆ ಉಜ್ಜಿ, ಮೊಸರಿನಷ್ಟು ಗಟ್ಟಿ ಇನ್ನೊಂದು ಕೈ. ಆಮೇಲೆ ಎನಾಮಲ್ ಎರಡು ಸಲ. ತಲೆಗೂ ಬಳಿಯಿರಿ, ಪಾದಕ್ಕೂ ಬಳಿಯಿರಿ, ತಿರುಗಣಿ ಕೂರುವ ಕಚ್ಚಿಗೂ, ಸ್ಕ್ರೂ ತೂತಿನೊಳಗೂ ಬೆಂಕಿಕಡ್ಡಿ ತುದಿಯಲ್ಲಿ ಅದ್ದಿ ಸವರಿ. "ಅದನ್ನ ಯಾರು ನೋಡ್ತಾರೆ ಅಮ್ಮ?" ಅಂತ ಆಚಾರಿ ನಗುತ್ತಾನೆ, ನಗಲಿ. ಒಣಗಿದ ಮೇಲೆ ಪಾದಕ್ಕೆ ಒಂದು ಹನಿ ನೀರು ಹಾಕಿ. ಕೆಸುವಿನೆಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಗೆದ್ದಿರಿ. ಹರಡಿ ಕಪ್ಪಾಯಿತೋ, ಇನ್ನೊಂದು ಕೈ.

ಬಾಗಿಲಿನ ಮೇಲೊಂದು ಸಾಲು, ಕೆಳಗೊಂದು ಸಾಲು ಗಾಳಿತೂತು ಇರಲಿ, ಒಳಗಿನಿಂದ ಸೊಳ್ಳೆ ಜಾಲರಿ ಹೊಡೆಯಿರಿ. ಆ ತೂತಿದ್ದರೂ ಅರೆ ಒಣಗಿದ ಬಟ್ಟೆ ಮಡಚಿಟ್ಟರೆ ಯಾವ ದೇವರೂ ಕಾಪಾಡಲ್ಲ. ನಮ್ಮ ಕಾಲದಲ್ಲಿ ಮಳೆಗಾಲದ ಬಟ್ಟೆಯೆಲ್ಲ ಒಲೆ ಮೇಲಿನ ಬಿದಿರು ಗಳದಲ್ಲಿ ಒಣಗುತ್ತಿತ್ತು. ಶಾಲೆಗೆ ಹೋದರೆ ಇಡೀ ತರಗತಿಯೇ ಹೊಗೆ ನಾತ, ಆದರೆ ಬೂಷ್ಟು ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಮರದ ಪೆಟ್ಟಿಗೆಯಲ್ಲಿ ಒಳ್ಳೆಮೆಣಸಿನ ಗಂಟೊಂದು ಸದಾ ಇರುತ್ತಿತ್ತು. ನಾನೂ ಇಡುತ್ತೇನೆ.

ಬಾಡಿಗೆ ಮನೆಯಲ್ಲಿರುವವರು ಗೋಡೆ ಕೊರೆಯಲು ಹೋಗಬೇಡಿ. ಒಂದು ಸರಳು, ಹಳೆ ಹತ್ತಿ ಸೀರೆಯ ಪರದೆ ಸಾಕು. ನೆಲದಿಂದ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ನೆಲ ಒರೆಸುವಾಗ ಒದ್ದೆಯಾಗುತ್ತೆ.