‘ಯಾವಾಗಿಂದ ಹೀಗೆ?’

ಕೆಲಸಕ್ಕೆ ಸೇರಿ ಎರಡನೇ ವರ್ಷ. ಆರ್ಥೋ ವಾರ್ಡಿನಲ್ಲಿ ನೈಟ್ ಡ್ಯೂಟಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿ ಇದ್ದರು, ಆಪರೇಷನ್ ಆಗಿ ಮೂರನೇ ದಿನ. ಬೆಳಿಗ್ಗೆ ಮುಂದಿನ ಶಿಫ್ಟಿನವರಿಗೆ ಹ್ಯಾಂಡ್‌ಓವರ್ ಕೊಡುವಾಗ ನಾನು ಅವರ ಬಗ್ಗೆ ಹೇಳಿದ್ದು ಇಷ್ಟೇ: ‘ರಾತ್ರಿಯೆಲ್ಲ ಮಲಗಿದ್ದರು, ಏನೂ ತೊಂದರೆ ಕೊಡಲಿಲ್ಲ.’ ಪಕ್ಕದ ಬೆಡ್ಡಿನವರು ನೋವು ಅಂತ ಹತ್ತು ನಿಮಿಷಕ್ಕೊಮ್ಮೆ ಕರೆಯುತ್ತಿದ್ದರು. ಅವರ ಪಕ್ಕದಲ್ಲಿ ಈ ಅಜ್ಜಿ ನನಗೆ ದೇವರಂತೆ ಕಂಡಿದ್ದರು.

ಎಂಟು ಗಂಟೆಗೆ ಮಗಳು ಬಂದರು. ಎರಡು ನಿಮಿಷ ತಾಯಿಯನ್ನು ಮಾತಾಡಿಸಿ ನನ್ನ ಹತ್ತಿರ ಬಂದು, ‘ಸಿಸ್ಟರ್, ನಮ್ಮಮ್ಮ ಹೀಗಿರಲ್ಲ’ ಅಂದರು. ನಾನು ಮಂಪರು ಇರಬಹುದು ಅಂದೆ. ‘ಇಲ್ಲ ಸಿಸ್ಟರ್, ನನ್ನನ್ನ ನೋಡಿದ್ರೂ ನೋಡ್ದಂಗಿದ್ದಾರೆ’ ಅಂದರು.

ಅಜ್ಜಿಗೆ ಸನ್ನಿ ಹಿಡಿದಿತ್ತು, ಅಂದರೆ ಡೆಲಿರಿಯಂ: ಮೈಯ ಯಾವುದೋ ತೊಂದರೆಯಿಂದ ಇದ್ದಕ್ಕಿದ್ದಂತೆ ಬುದ್ಧಿ ಮಂಕಾಗುವುದು. ಡಾಕ್ಟರ್ ಬಂದು ಕಿಬ್ಬೊಟ್ಟೆ ಮುಟ್ಟಿ ನೋಡಿದರೆ ಚೆಂಡಿನಂತೆ ಗಟ್ಟಿ. ಹಿಂದಿನ ಸಂಜೆ ಮೂತ್ರದ ಕ್ಯಾಥೆಟರ್ ಕೊಳವೆ ತೆಗೆದಿದ್ದೆವು. ಆಮೇಲೆ ಹಾಸಿಗೆ ಒದ್ದೆಯಾಗಿದೆ, ಅಂದರೆ ಮೂತ್ರ ಹೋಗಿದೆ ಎಂದು ಬರೆದುಕೊಂಡಿದ್ದೆವು. ಅದು ತುಂಬಿದ ಮೂತ್ರಕೋಶದಿಂದ ತೊಟ್ಟಿಕ್ಕಿದ್ದು. ಮತ್ತೆ ಕ್ಯಾಥೆಟರ್ ಹಾಕಿದಾಗ 900 ಎಂ.ಎಲ್. ಬಂತು. ಮರುದಿನ ಅಜ್ಜಿ ಮಗಳ ಹೆಸರು ಹಿಡಿದು ಕರೆದರು.

ನನಗೆ ಇವತ್ತಿಗೂ ಚುಚ್ಚುವುದು ಬೇರೆ. ರಾತ್ರಿ ಎರಡೂವರೆಗೆ ಬಿಪಿ ನೋಡಲು ಹೋದಾಗ ಅವರ ಕಣ್ಣು ತೆರೆದಿತ್ತು. ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇಲ್ಲದ ದಾರವನ್ನು ಒಂದೊಂದಾಗಿ ಎಳೆಯುತ್ತಿದ್ದರು. ನಾನು ಅದನ್ನು ನೋಡಿದ್ದೆ. ಕೈ ಮೆಲ್ಲಗೆ ಬಿಡಿಸಿ, ಬಿಪಿ ಪಟ್ಟಿ ಸುತ್ತಿ, 130/80 ಎಂದು ಬರೆದು ಮುಂದಿನ ಬೆಡ್ಡಿಗೆ ಹೋದೆ. ದಾರ ಎಳೆಯುತ್ತಿದ್ದದ್ದನ್ನು ಬರೆಯಲಿಲ್ಲ. ಬರೆಯಲು ಚಾರ್ಟಿನಲ್ಲಿ ಕಾಲಂ ಇರಲಿಲ್ಲ, ಅಷ್ಟೇ.

ಸನ್ನಿ ಎಂದರೆ ಡ್ರಿಪ್ ಕಿತ್ತುಕೊಂಡು, ಬೆಡ್ಡಿನಿಂದ ಇಳಿದು ಕೂಗಾಡುವುದು ಎಂದು ಆಗ ಅಂದುಕೊಂಡಿದ್ದೆ. ಹಾಗೆ ಆದವರನ್ನು ಯಾರಾದರೂ ಗುರುತಿಸುತ್ತಾರೆ. ತಪ್ಪಿಹೋಗುವುದು ಸುಮ್ಮನಾಗುವ ಸನ್ನಿ. ಇವರು ಕರೆಯುವುದಿಲ್ಲ, ಕೇಳುವುದಿಲ್ಲ, ಊಟ ಮುಂದಿಟ್ಟರೆ ನೋಡುತ್ತಾ ಕೂರುತ್ತಾರೆ. ವಯಸ್ಸಾಗಿದೆ, ಸುಸ್ತಾಗಿದೆ, ಬೇಜಾರಾಗಿದೆ ಅಂತ ನಾವೇ ಅವರ ಪರವಾಗಿ ಕಾರಣ ಕೊಡುತ್ತೇವೆ. ಇನ್ನೊಂದು ತೊಡಕು, ಸನ್ನಿ ಏರಿಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಪೇಷಂಟ್ ಸರಿಯಾಗಿ ಮಾತಾಡುತ್ತಾರೆ. ಸಂಜೆ ಆರಕ್ಕೆ ಗೋಡೆ ಮೇಲೆ ಏನೋ ಓಡಾಡುತ್ತಿದೆ ಅನ್ನುತ್ತಾರೆ. ಡಾಕ್ಟರ್ ನೋಡುವುದು ಐದು ನಿಮಿಷ. ದಿನವಿಡೀ ಪಕ್ಕದಲ್ಲಿರುವುದು ನಾವು. ಹಾಗಾಗಿ ಈ ಕಾಯಿಲೆ ನಮ್ಮ ಕೈಗೆ ಸಿಗಬೇಕು, ಅಲ್ವಾ?

ಸನ್ನಿ ಗುರುತಿಸಲು ‘ಕ್ಯಾಮ್’ ಎಂಬ ಪರೀಕ್ಷೆ 1990ರಿಂದ ಇದೆ. ಅದು ನೋಡುವುದು ನಾಲ್ಕು ವಿಷಯ: ಬದಲಾವಣೆ ಇದ್ದಕ್ಕಿದ್ದಂತೆ ಬಂದು ಏರಿಳಿಯುತ್ತಿದೆಯಾ, ಗಮನ ನಿಲ್ಲುತ್ತಿಲ್ಲವಾ, ಮಾತಿಗೆ ತಲೆಬುಡ ಇಲ್ಲವಾ, ಎಚ್ಚರದ ಮಟ್ಟ ಬದಲಾಗಿದೆಯಾ. ಮೊದಲ ಎರಡು ಇರಲೇಬೇಕು, ಉಳಿದ ಎರಡರಲ್ಲಿ ಒಂದಾದರೂ ಇರಬೇಕು. ನಾನು ಜಾಸ್ತಿ ನೆಚ್ಚಿಕೊಂಡಿರುವುದು ಗಮನದ ಪರೀಕ್ಷೆಯನ್ನು. ಔಷಧಿ ಕೊಡುವಾಗಲೇ, ‘ಭಾನುವಾರದಿಂದ ಹಿಂದಕ್ಕೆ ವಾರದ ಹೆಸರು ಹೇಳಿ ನೋಡೋಣ’ ಅನ್ನುತ್ತೇನೆ. ಸನ್ನಿ ಇರುವವರು ‘ಭಾನುವಾರ, ಶನಿವಾರ, ಶುಕ್ರವಾರ...’ ಎಂದು ಶುರು ಮಾಡಿ, ‘ಶುಕ್ರವಾರ ಮಗ ಬರ್ತಾನೆ’ ಅಂದು, ಪರದೆ ಕಡೆ ನೋಡುತ್ತಾ ನಿಂತುಬಿಡುತ್ತಾರೆ. ಹೆಸರು ಕೇಳಿ, ಇದು ಯಾವ ಜಾಗ ಎಂದು ಕೇಳಿ, ಅದಕ್ಕೆ ಸರಿ ಉತ್ತರ ಬಂದಿರುತ್ತದೆ. ಬರೀ ಅದನ್ನೇ ಕೇಳಿ ಬಿಟ್ಟಿದ್ದರೆ ‘ಓರಿಯೆಂಟೆಡ್’, ಅಂದರೆ ತಾನ್ಯಾರು, ಎಲ್ಲಿದ್ದೇನೆ ಎಂಬ ಅರಿವಿದೆ, ಎಂದು ಬರೆದುಬಿಡುತ್ತಿದ್ದೆ.

ಮರೆವಿನ ಕಾಯಿಲೆಯವರು, ಶುರುವಿನ ಹಂತದಲ್ಲಿದ್ದರೆ, ವಾರವನ್ನು ಹಿಂದಕ್ಕೆ ಹೇಳಿಬಿಡುತ್ತಾರೆ. ಬೆಳಿಗ್ಗೆ ಏನು ತಿಂದೆ ಎಂಬುದು ಮಾತ್ರ ನೆನಪಿರುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಮರೆವು ಇರುವವರಿಗೇ ಸನ್ನಿ ಬೇಗ ಹಿಡಿಯುತ್ತದೆ. ಆಗ ಬಿಡಿಸುವ ಪ್ರಶ್ನೆ ಒಂದೇ, ಮನೆಯವರನ್ನು ಕೇಳುವಂಥದ್ದು: ಯಾವಾಗಿಂದ ಹೀಗೆ? ‘ಎರಡು ವರ್ಷದಿಂದ ಹೀಗೇನೇ’ ಅಂದರೆ ಒಂದು ದಾರಿ. ‘ನಿನ್ನೆ ಮಧ್ಯಾಹ್ನದಿಂದ’ ಅಂದರೆ ಬೇರೆ ದಾರಿ. ಆಗ ಮೂತ್ರ, ಮಲಬದ್ಧತೆ, ಜ್ವರ, ನೋವು, ಆಕ್ಸಿಜನ್, ಸೋಡಿಯಂ, ಹೊಸದಾಗಿ ಶುರುವಾದ ಮಾತ್ರೆ ಎಲ್ಲವನ್ನೂ ಹುಡುಕಬೇಕು. ಕನ್ನಡಕ, ಕಿವಿ ಮೆಷಿನ್ ಲಾಕರಿನಲ್ಲಿ ಬಿದ್ದಿದೆಯಾ ಅಂತಲೂ.

ಎಲ್ಲಕ್ಕಿಂತ ಮೊದಲು ಸಕ್ಕರೆ ನೋಡಬೇಕು. ಇದನ್ನು ಕ್ಯಾಶುವಾಲ್ಟಿಯಲ್ಲಿ ಕಲಿತೆ. ನಡುವಯಸ್ಸಿನವರೊಬ್ಬರು ಬೈಯುತ್ತಾ, ಒದೆಯುತ್ತಾ ಬಂದರು. ಮೈಯೆಲ್ಲ ಬೆವರು. ‘ಕುಡಿದಿರಬೇಕು’ ಎಂದು ಒಬ್ಬರು, ‘ಸೈಕಿಯಾಟ್ರಿ ಕೇಸ್’ ಎಂದು ಇನ್ನೊಬ್ಬರು. ನನ್ನ ಸೀನಿಯರ್ ಏನೂ ಮಾತಾಡದೆ ಬೆರಳು ಚುಚ್ಚಿದರು. ಸಕ್ಕರೆ 41. ಡೆಕ್ಸ್ಟ್ರೋಸ್ (ಗ್ಲೂಕೋಸ್) ಕೊಟ್ಟ ಕೆಲವೇ ನಿಮಿಷದಲ್ಲಿ ಆ ಮನುಷ್ಯ ಎದ್ದು ಕೂತು, ‘ನಾನು ಯಾರಿಗಾದ್ರೂ ಹೊಡೆದ್ನಾ?’ ಎಂದು ಕೇಳಿದರು. ಹೊಡೆದಿದ್ದರು, ನನಗೇ. 70ಕ್ಕಿಂತ ಕಡಿಮೆಯಾದರೆ ಎಚ್ಚರ, 54ಕ್ಕಿಂತ ಕೆಳಗೆ ಹೋದರೆ ಮಿದುಳು ಕೆಲಸ ತಪ್ಪಲು ಶುರುವಾಗುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಆ 41 ಹೇಗಿರುತ್ತದೆ ಎಂದು ಭುಜಕ್ಕೆ ಬಿದ್ದ ಮೇಲೆ ಗೊತ್ತಾಯಿತು.

ಕುಡಿತದ ಮಾತು ಬಂತಲ್ಲ. ಕುಡಿದು ಬಂದವರಿಗಿಂತ, ಅಡ್ಮಿಟ್ ಆಗಿ ಕುಡಿತ ನಿಂತವರ ಮೇಲೆ ನನ್ನ ಕಣ್ಣು ಜಾಸ್ತಿ. ಮೊದಲ ದಿನ ಕೈ ನಡುಕ, ಬೆವರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನಕ್ಕೆ ಇಲ್ಲದ ಹುಳ ಕಾಣುವುದು, ಪಲ್ಸ್ ಏರುವುದು, ಜ್ವರ. ಅದು ಜೀವಕ್ಕೆ ಅಪಾಯ. ‘ಕುಡಿತೀರಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ‘ಕೊನೇ ಸಲ ಕುಡಿದದ್ದು ಯಾವಾಗ?’ ಅಂದರೆ, ಮನೆಯವರು ಆಚೆ ಹೋಗಿದ್ದರೆ, ಗಂಟೆ ಸಮೇತ ಹೇಳುತ್ತಾರೆ.

ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ ದಾರಿಯಲ್ಲಿ ಹೋಗುವವರೂ ಗುರುತಿಸುತ್ತಾರೆ. ನಾನು ಎಡವಿದ್ದು ಕೈಕಾಲು ಚೆನ್ನಾಗಿದ್ದವರ ವಿಷಯದಲ್ಲಿ. ಒಬ್ಬರು ಬೆಳಿಗ್ಗೆ ಎದ್ದಾಗಿನಿಂದ ಏನೇನೋ ಮಾತಾಡುತ್ತಿದ್ದಾರೆ, ತಲೆ ಕೆಟ್ಟಿದೆ ಎಂದು ಮನೆಯವರು ಕರೆತಂದಿದ್ದರು. ಮಾತು ಸರಾಗ. ರಾಗ, ಏರಿಳಿತ ಎಲ್ಲ ಸರಿ, ಅರ್ಥ ಮಾತ್ರ ಇಲ್ಲ. ನಾನು ಪೆನ್ ತೋರಿಸಿ ‘ಇದೇನು?’ ಅಂದೆ. ಇಲ್ಲದ ಯಾವುದೋ ಪದ ಹೇಳಿದರು. ‘ಕಣ್ಣು ಮುಚ್ಚಿ’ ಅಂದೆ. ನಗುತ್ತಾ ನನ್ನನ್ನೇ ನೋಡಿದರು. ನಾನೇ ಕಣ್ಣು ಮುಚ್ಚಿ ತೋರಿಸಿದಾಗ ತಕ್ಷಣ ಮುಚ್ಚಿದರು. ಅಂದರೆ ಬುದ್ಧಿ ಇದೆ, ಭಾಷೆ ಹೋಗಿದೆ. ಮಿದುಳಿನ ಎಡಭಾಗದ ಸ್ಟ್ರೋಕ್. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಆ ಗಡಿಯಾರ ಶುರುವಾಗುವುದು ಎದ್ದಾಗಿನಿಂದ ಅಲ್ಲ, ಅವರು ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯದಾಗಿ ಕಂಡ ಹೊತ್ತಿನಿಂದ. ಇಲ್ಲೂ ಮತ್ತೆ ಅದೇ ಪ್ರಶ್ನೆ.

ಫಿಟ್ಸ್ ಬಗ್ಗೆ ಒಂದೆರಡು ಮಾತು ಸಾಕು. ಕಣ್ಣು ನೆಟ್ಟು, ತುಟಿ ಚಪ್ಪರಿಸುತ್ತಾ, ಬಟ್ಟೆ ಸವರುತ್ತಾ ಒಂದೆರಡು ನಿಮಿಷ ಉತ್ತರ ಕೊಡದಿರುವುದೂ ಫಿಟ್ಸ್ ಆಗಿರಬಹುದು. ಬಂದ ತಕ್ಷಣ ಗಡಿಯಾರ ನೋಡಿ. ಗಾಬರಿಯಲ್ಲಿ ಅರ್ಧ ನಿಮಿಷವೂ ಹತ್ತು ನಿಮಿಷದಂತೆ ಕಾಣುತ್ತದೆ. ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುತ್ತದೆ ಎಂದು ಕಾಯುವ ಹಾಗಿಲ್ಲ.

ನಾವೇ ಕೊಟ್ಟ ಔಷಧಿ ಮನೋರೋಗದ ವೇಷ ಹಾಕಿ ಬರುವುದನ್ನೂ ನೋಡಿದ್ದೇನೆ. ವಾಂತಿಗೆ ಮೆಟೊಕ್ಲೋಪ್ರಮೈಡ್ ಹೋಗುತ್ತಿದ್ದ ಒಬ್ಬ ಹುಡುಗಿ, ಕಾಲೇಜು ಓದುವವಳು. ಕೂತರೆ ಏಳುತ್ತಾಳೆ, ಎದ್ದರೆ ಕೂರುತ್ತಾಳೆ, ಕಾರಿಡಾರಿನಲ್ಲಿ ಡ್ರಿಪ್ ಸ್ಟ್ಯಾಂಡ್ ಎಳೆದುಕೊಂಡು ಸುತ್ತುತ್ತಾಳೆ. ‘ತುಂಬಾ ಆಂಕ್ಸಿಯಸ್’ ಎಂದು ಹ್ಯಾಂಡ್‌ಓವರಿನಲ್ಲಿ ಬಂತು. ನಾನು ಅವಳ ಜೊತೆ ಎರಡು ಸುತ್ತು ನಡೆದೆ. ‘ಏನಾದ್ರೂ ಭಯ ಆಗ್ತಿದೆಯಾ?’ ಅಂದೆ. ‘ಭಯ ಇಲ್ಲ ಸಿಸ್ಟರ್, ಕಾಲು ಸುಮ್ನೆ ಇರೋಕೆ ಬಿಡ್ತಿಲ್ಲ, ಚರ್ಮ ಬಿಚ್ಚಿ ಆಚೆ ಬರ್ಬೇಕು ಅನ್ಸುತ್ತೆ’ ಅಂದಳು. ಯಾವಾಗಿಂದ? ಮಧ್ಯಾಹ್ನದಿಂದ. ಡ್ರಗ್ ಚಾರ್ಟ್ ತೆಗೆದು ನೋಡಿದೆ, ಇಂಜೆಕ್ಷನ್ ಟೈಮೂ ಅದೇ. ಇದಕ್ಕೆ ಅಕಥಿಸಿಯಾ ಅನ್ನುತ್ತಾರೆ. ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳಿಂದಲೂ ಬರುತ್ತದೆ. ಆತಂಕ ಎಂದು ತಿಳಿದು ಅದೇ ಜಾತಿಯ ಔಷಧಿಯನ್ನು ಹೆಚ್ಚಿಸಿದರೆ ಇನ್ನೂ ಕೆಡುತ್ತದೆ. ಡಾಕ್ಟರಿಗೆ ಫೋನ್ ಮಾಡಿ ಟೈಮಿಂಗ್ ಹೇಳಿದೆ, ಔಷಧಿ ನಿಲ್ಲಿಸಿದರು. ರಾತ್ರಿ ಹುಡುಗಿ ಮಲಗಿದಳು. ಅಂದಹಾಗೆ, ಇವೆರಡೂ ಔಷಧಿ ಪಾರ್ಕಿನ್ಸನ್ ಇರುವವರಿಗೆ ಕೊಡುವಂಥವಲ್ಲ. ಪಾರ್ಕಿನ್ಸನ್‌ನವರ ಮುಖ ಮರಗಟ್ಟಿದಂತಿರುತ್ತದೆ. ಅದನ್ನು ನೋಡಿ ‘ಡಿಪ್ರೆಷನ್ ಇದ್ದಂತಿದೆ’ ಎಂದು ಬರೆದವರಲ್ಲಿ ನಾನೂ ಒಬ್ಬಳು.

ನಿಜವಾದ ಡಿಪ್ರೆಷನ್ ನನ್ನ ವಾರ್ಡಿಗೆ ಬರುವುದು ತಲೆಭಾರ, ಎದೆ ಹಿಡಿತ, ಮೈಕೈ ನೋವು, ಸುಸ್ತು ಎಂಬ ಹೆಸರಲ್ಲಿ. ಟೆಸ್ಟ್ ಎಲ್ಲ ನಾರ್ಮಲ್ ಎಂದು ಹೇಳಿದಾಗ ಮುಖದಲ್ಲಿ ಸಮಾಧಾನ ಕಾಣದಿದ್ದರೆ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಡಿಪ್ರೆಷನ್ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ನೋಡಲೇಬೇಕು. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ವರ್ಷಗಟ್ಟಲೆ ಹೆದರಿ ಅದನ್ನು ನುಂಗುತ್ತಿದ್ದೆ. ಹಾಗಾಗುವುದಿಲ್ಲ. ಈಗ ನೇರ ಕೇಳುತ್ತೇನೆ: ‘ಬದುಕೋದೇ ಬೇಡ ಅನ್ಸಿದ್ಯಾ? ಏನಾದ್ರೂ ಮಾಡ್ಕೋಬೇಕು ಅಂತ ಯೋಚನೆ ಮಾಡಿದ್ದೀರಾ? ಹೇಗೆ ಅಂತ?’ ಮೊದಲ ಸಲ ಹೀಗೆ ಕೇಳಿದಾಗ ನನ್ನ ದನಿಯೇ ನಡುಗಿತ್ತು. ಆ ವ್ಯಕ್ತಿ ಬಹಳ ಹೊತ್ತು ಸುಮ್ಮನಿದ್ದು, ‘ಇಷ್ಟು ದಿನ ಯಾರೂ ಕೇಳಿರ್ಲಿಲ್ಲ’ ಅಂದರು. ಹೌದು ಎಂದವರನ್ನು ಒಂಟಿಯಾಗಿ ಬಿಡುವುದಿಲ್ಲ, ‘ಗುಟ್ಟಾಗಿಡ್ತೀನಿ’ ಎಂದು ಮಾತು ಕೊಡುವುದೂ ಇಲ್ಲ.

ಬಾಣಂತಿ ಸನ್ನಿ ಎಂದು ಹಿಂದಿನವರು ಕರೆಯುತ್ತಿದ್ದದ್ದು ನಿಜವಾದ ಕಾಯಿಲೆ, ಹೆರಿಗೆಯ ನಂತರ ಬರುವ ಮನೋರೋಗ. ಹೆರಿಗೆಯಾಗಿ ಎರಡು ವಾರದೊಳಗೆ ಬರುವುದೇ ಹೆಚ್ಚು. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಇಲ್ಲ, ಅದರಿಂದ ಸುಸ್ತೂ ಇಲ್ಲ. ಮಗುವಿನ ಬಗ್ಗೆ ವಿಚಿತ್ರ ಮಾತು. ಅಲ್ಲಿ ನಾಳೆ ನೋಡೋಣ ಎಂಬ ಮಾತಿಲ್ಲ, ಅದು ಎಮರ್ಜೆನ್ಸಿ.

ಈಗ ನಾನು ಕೇಸ್ ಶೀಟಿನಲ್ಲಿ ‘ಸಹಕರಿಸುತ್ತಿಲ್ಲ’, ‘ಗೊಂದಲದಲ್ಲಿದ್ದಾರೆ’ ಎಂದು ಬರೆಯುವುದು ಬಿಟ್ಟಿದ್ದೇನೆ. ಕಂಡದ್ದನ್ನು ಗಂಟೆ ಹಾಕಿ ಬರೆಯುತ್ತೇನೆ. ‘11ಕ್ಕೆ ಹೆಸರು, ಜಾಗ ಸರಿ ಹೇಳಿದರು. 2:30ಕ್ಕೆ ಕಣ್ಣು ತೆರೆದಿದ್ದಾರೆ, ಹೊದಿಕೆ ಕೀಳುತ್ತಿದ್ದಾರೆ, ವಾರದ ಹೆಸರು ಹಿಂದಕ್ಕೆ ಎರಡು ಹೇಳಿ ನಿಲ್ಲಿಸಿದರು.’ ಎಚ್ಚರದ ಮಟ್ಟ ಅಳೆಯಲು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಸ್ಕೋರನ್ನೂ ಬರೀ 13 ಎಂದು ಹೇಳುವುದಿಲ್ಲ. ಕಣ್ಣಿಗೆ ಎಷ್ಟು, ಮಾತಿಗೆ ಎಷ್ಟು, ಚಲನೆಗೆ ಎಷ್ಟು ಎಂದು ಬಿಡಿಸಿ ಹೇಳುತ್ತೇನೆ. ಒಂದೇ 13 ಬೇರೆ ಬೇರೆ ದಾರಿಯಲ್ಲಿ ಬರಬಹುದಲ್ಲ. ಹೊಸಬರು ಇಷ್ಟು ಬರೆಯಲು ಟೈಮ್ ಎಲ್ಲಿದೆ ಮೇಡಂ ಎಂದು ಗೊಣಗುತ್ತಾರೆ. ಟೈಮ್ ಇಲ್ಲ, ನಿಜವೇ.

ಇಷ್ಟೆಲ್ಲ ಕಲಿತ ಮೇಲೂ ಕಳೆದ ವರ್ಷ ಒಂದು ಆಯಿತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಬಹಳ ಕಾಲದಿಂದ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರು ಕಾಲಿನ ಗಾಯಕ್ಕೆ ಅಡ್ಮಿಟ್ ಆಗಿದ್ದರು. ‘ನನ್ನ ಹೊಟ್ಟೇಲಿ ಹಾವಿದೆ, ಸುತ್ಕೊಂಡಿದೆ’ ಎಂದು ಎರಡು ದಿನದಿಂದ ಹೇಳುತ್ತಿದ್ದರು. ಮೂರು ಶಿಫ್ಟಿನವರೂ ‘ಭ್ರಮೆ ಇದೆ’ ಎಂದು ಬರೆದಿದ್ದರು. ಅದರಲ್ಲಿ ಒಂದು ಸಹಿ ನನ್ನದು. ಮೂರನೇ ದಿನ ವಾಂತಿ ಶುರುವಾಯಿತು. ಆಗ ಅಂಗಿ ಸರಿಸಿ ನೋಡಿದರೆ ಹೊಟ್ಟೆ ಡೋಲಿನಂತೆ ಉಬ್ಬಿದೆ. ಕ್ಲೋಜಪಿನ್ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ, ಕೆಲವೊಮ್ಮೆ ನಿಲ್ಲಿಸಿಯೇ ಬಿಡುತ್ತದೆ. ಸರ್ಜನ್‌ಗೆ ಫೋನ್ ಮಾಡುತ್ತಾ ಚಾರ್ಟ್ ತಿರುವಿದೆ. ಈ ಸಲ ಕಾಲಂ ಇತ್ತು. ಮೋಷನ್ ಎಂದು ಬರೆದ ಕಡೆ ಐದು ದಿನದಿಂದ ಖಾಲಿ.