ಹೊಳೆ ದಂಡೆಯ ವಾಡೆಯನ್ನು ಒಡೆಯದೆ ಮಾರಿದ್ದು: ನನ್ನ ಅನುಭವ

“ಅಕ್ಕಾರ, ಮೊದ್ಲ ಕೆಡವ್ರಿ. ಕಲ್ಲು, ತೊಲಿ ಬ್ಯಾರೆ ಮಾರ್ರಿ. ಆಮ್ಯಾಲ ಪ್ಲಾಟ್ ಹಾಕ್ರಿ. ಹೊಳಿ ನೀರು ಹೊಕ್ಕ ಮನಿ ಯಾರೂ ತೊಗೊಳಂಗಿಲ್ಲ.”

ಕಲಬುರಗಿಯ ಮೂವರು ಏಜೆಂಟರು, ಯಾದಗಿರಿಯ ಒಬ್ಬರು, ಎಲ್ಲರೂ ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ನನ್ನ ಜೊತೆ ಆರ್ಕಿಟೆಕ್ಚರ್ ಓದಿದ ಗೆಳತಿಯೂ ಇದನ್ನೇ ಹೇಳಿದಳು. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಮೇಲಿರುವ ನನ್ನ ವಾಡೆಯನ್ನು, ಅಂದರೆ ಹಳೇ ಕಾಲದ ದೊಡ್ಡ ಮನೆಯನ್ನು, 2025ರ ಫೆಬ್ರುವರಿಯಲ್ಲಿ ತೋಟದ ಸಮೇತ ಮಾರಿದೆ. ಒಂದು ಕಲ್ಲೂ ಕೀಳಲಿಲ್ಲ. ನೀರು ಹೊಕ್ಕಿದ್ದನ್ನು ಮುಚ್ಚಿಡಲೂ ಇಲ್ಲ. ಏಜೆಂಟರು 24 ಲಕ್ಷ ಅಂದಿದ್ದರು, 68 ಲಕ್ಷಕ್ಕೆ ಹೋಯಿತು. ನಮ್ಮ ಭಾಗದಲ್ಲಿ ಹಳೇ ಮನೆ ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ ಕೂತವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಕೊಂಡದ್ದು 2007ರಲ್ಲಿ. ವಾಡೆ ಗಾವಠಾಣದಲ್ಲಿ, ಅಂದರೆ ಊರಿನ ಮನೆಗಳಿರುವ ಜಾಗದಲ್ಲಿದೆ. ಅದಕ್ಕೆ ಹತ್ತಿದ ತೋಟ ಬೇರೆ ಸರ್ವೆ ನಂಬರು, ಕಾಗದದ ಮೇಲೆ 34 ಗುಂಟೆ. ಎರಡೂ ಸೇರಿ ಆರು ಲಕ್ಷದ ಆಸುಪಾಸು ಕೊಟ್ಟೆ. ತಲೆಬಾಗಿಲ ಮೇಲಿನ ಕಲ್ಲಿನಲ್ಲಿ ಫಸಲಿ 1338 ಅಂತ ಕೆತ್ತಿದ್ದಾರೆ. ಅದು ನಿಜಾಮನ ಸರ್ಕಾರದ ಇಸವಿ, 590 ಕೂಡಿಸಿದರೆ ನಮ್ಮ 1928. ನಿಜಾಮನ ಕಾಲದ ಮನೆ. ಮೂರಡಿ ದಪ್ಪದ ಗೋಡೆ, ದೊಡ್ಡ ಪಡಸಾಲೆ, ತೇಗದ ತೊಲೆ, ನೆಲಕ್ಕೆ ಶಹಾಬಾದಿ ಪರಸಿ, ಮೇಲೆ ಮಣ್ಣಿನ ಮಾಳಿಗೆ, ಅಂಗಳದಲ್ಲಿ ಕಾಳು ತುಂಬಿಡುವ ನೆಲದೊಳಗಿನ ಒಂದು ಹಗೇವು. ಹಿಂದಿನ ಎರಡು ಕೋಣೆಯ ಮಾಳಿಗೆ ಆಗಲೇ ಕುಸಿದಿತ್ತು.

ನನ್ನ ಮೊದಲ ತಪ್ಪು ಸಿಮೆಂಟು. ವಾಡಿ, ಶಹಾಬಾದ ಅಂದರೆ ಸಿಮೆಂಟಿನ ಸೀಮೆ. ಚೀಲ ಮನೆ ಬಾಗಿಲಿಗೇ ಬರುತ್ತದೆ. ಗೌಂಡಿಗಳಿಗೂ ಅದೇ ಕೈವಶ. ಗೋಡೆಯ ಕೆಳಗಿನ ಮೂರಡಿಗೆ ಸುತ್ತಲೂ ಸಿಮೆಂಟ್ ಗಿಲಾವು ಮಾಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪು ಎದ್ದಿತು. ಗಿಲಾವು ಹಪ್ಪಳದ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗಿನ ಕಲ್ಲಿನ ಪುಡಿ ಸಮೇತ ಉದುರುತ್ತಿತ್ತು. ಒಂದೂಮುಕ್ಕಾಲು ಲಕ್ಷ ಅದಕ್ಕೆ ಹೋಗಿತ್ತು, ಕೀಳಿಸಲು ಇನ್ನೊಂದು ಅರವತ್ತು ಸಾವಿರ. ಆಮೇಲೆ ಸುಣ್ಣಕ್ಕೆ ಬಂದೆ. ಸುರಪುರದ ಕಡೆಯ ವಯಸ್ಸಾದ ಗೌಂಡಿಯೊಬ್ಬರು ಗಾರೆ ಕಲಿಸಿದರು. ಸುಣ್ಣ ಮೂರು ವಾರ ಗುಂಡಿಯಲ್ಲಿ ನೆನೆಯಬೇಕು, ಬೆಲ್ಲದ ನೀರು, ಅಳಲೆಕಾಯಿ ನೀರು ಬೇಕು. ಇಷ್ಟು ನಿಮಗೆಲ್ಲ ಗೊತ್ತಿದ್ದದ್ದೇ. ಪ್ರಮಾಣ ಮಾತ್ರ ಹೇಳುವುದಿಲ್ಲ. ಎರಡು ವರ್ಷ ಅವರ ಹಿಂದೆ ತಿರುಗಿ ಕಲಿತದ್ದು. ದುಡ್ಡು ಮುಗಿದು ಬಚ್ಚಲುಮನೆಯ ಸಿಮೆಂಟು ಹಾಗೇ ಉಳಿಯಿತು. ಅದೇ ಮುಂದೆ ಉಪಯೋಗಕ್ಕೆ ಬಂತು.

ಮಾಳಿಗೆಗೂ ಒಮ್ಮೆ ಮೋಸಹೋದೆ. ನೀರು ಸೋರದ ರಾಸಾಯನಿಕ ಅಂತ ಬಳಿಸಿದೆ, ಸುಮಾರು ತೊಂಬತ್ತು ಸಾವಿರ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಒಂದೇ ಬೇಸಿಗೆಗೆ ಸೀಳು ಬಿಟ್ಟಿತು. ತಿರುಗಿ ಸವಳು ಮಣ್ಣಿಗೇ, ಅಂದರೆ ಉಪ್ಪಿನಂಶದ ಮಣ್ಣಿಗೇ ಬಂದೆ. ಪ್ರತಿ ವರ್ಷ ಮಿರುಗದ (ಮೃಗಶಿರಾ) ಮಳೆಗೆ ಮುಂಚೆ ಹರಡಿಸುತ್ತಿದ್ದೆ, ಖರ್ಚು ಹದಿನೆಂಟು ಇಪ್ಪತ್ತು ಸಾವಿರ. ಹೊರಗೆ 43 ಡಿಗ್ರಿ ಇದ್ದಾಗ ಪಡಸಾಲೆಯಲ್ಲಿ 31, 32 ದಾಟುತ್ತಿರಲಿಲ್ಲ. ನಾನು ಕಟ್ಟಿದ ಯಾವ ಹೊಸ ಮನೆಯೂ ಹೀಗೆ ತಂಪಿಲ್ಲ.

ಅಷ್ಟಕ್ಕೇ ಸುಮ್ಮನಿರಲಿಲ್ಲ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್, ಅದೇ ಸುರಂಗ ಬಾವಿ, ನೋಡಿ ಬಂದೆ. ನೆಲದೊಳಗಿನ ಆ ತಂಪು ತಲೆಯಲ್ಲಿ ಕೂತುಬಿಟ್ಟಿತು. ಹೊಳೆ ಕಡೆಯಿಂದ ನಲವತ್ತಡಿ ಕೊಳವೆ ಹೂಳಿ ಮಲಗುವ ಕೋಣೆಗೆ ತಂಪು ಗಾಳಿ ತರಲು ನೋಡಿದೆ. ಮೊದಲ ವಾರ ಗಾಳಿ ಚೆನ್ನಾಗಿಯೇ ಬಂತು. ಎರಡನೇ ವಾರ ಹಾವು ಬಂತು. ಜಾಳಿಗೆ ಹಾಕಿದೆ, ಗಾಳಿ ನಿಂತಿತು. ನಲವತ್ತೈದು ಸಾವಿರ ನೆಲದಲ್ಲೇ ಉಳಿದಿದೆ. ಎರೆ ಭೂಮಿಯಲ್ಲಿ ಮಾಡುವವರು ಕೊಳವೆಯ ಸುತ್ತ ಮರಳು ತುಂಬಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ನೆಲ ಬಿರಿದಾಗ ಕೊಳವೆಯ ಸಂದು ಬಿಚ್ಚುತ್ತದೆ.

ತೋಟದ ಮಾತು ಹೇಳಲೇಬೇಕು, ಅರ್ಧ ಬೆಲೆ ಬಂದದ್ದು ತೋಟದಿಂದ. ಗುಲಾಬಿ ಮೂರು ಸಲ ಹಾಕಿ ಮೂರು ಸಲವೂ ಕಳೆದುಕೊಂಡೆ. ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯಿತು. ಮೊದಲೇ ಇದ್ದ ಬೇವು, ಹುಣಸೆ ಬಿಟ್ಟು, ನಿಂಬೆ, ಪೇರಲ, ಸೀತಾಫಲ, ನುಗ್ಗೆ ಹಚ್ಚಿದೆ. ಗಿಡಕ್ಕೊಂದು ಗಡಿಗೆ ಹೂಳಿ ನೀರು ತುಂಬಿಸಿದೆ. ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಬಾವಿಯ ಸುತ್ತ ಪಾರಿಜಾತ. ಬೆಳಗ್ಗೆ ಐದೂವರೆಗೆ ಆ ಪರಸಿಯ ಮೇಲೆ ಹೂವು ಬಿದ್ದಿರುವುದನ್ನು ನೋಡಿದವರು ಬೆಲೆ ಚೌಕಾಸಿ ಮಾಡುವುದು ಕಡಿಮೆ.

2009ರ ನೆರೆಯಲ್ಲಿ ನೀರು ತೋಟದವರೆಗೆ ಮಾತ್ರ ಬಂದಿತ್ತು. 2020ರ ಅಕ್ಟೋಬರಿನಲ್ಲಿ ಭೀಮೆ ಮನೆಯೊಳಗೇ ಬಂದಳು. ಮಹಾರಾಷ್ಟ್ರದ ಕಡೆ ಮಳೆ, ಉಜನಿಯಿಂದ ನೀರು, ಸೊನ್ನ ಬ್ಯಾರೇಜಿನಿಂದ ಕೆಳಗೆ ಎಲ್ಲ ಹಳ್ಳಿಗಳೂ ಅಲುಗಾಡಿದವು. ನಮ್ಮ ಪಡಸಾಲೆಯಲ್ಲಿ ಎರಡಡಿ ಮೂರು ಇಂಚು ನೀರು, ಎರಡು ರಾತ್ರಿ. ಹಗೇವು ತುಂಬಿತು. ಇಳಿದ ಮೇಲೆ ಒಂದು ಗೇಣು ಕೆಸರು. ಬಾಗಿಲು ಎಲ್ಲ ತೆಗೆದಿಟ್ಟು ಸುಮ್ನೆ ಕಾದೆ. ಯುಗಾದಿ ಹೊತ್ತಿಗೆ ಸುಣ್ಣದ ಗೋಡೆಗಳು ತಾವಾಗಿಯೇ ಒಣಗಿ ಬೆಳ್ಳಗಾದವು. ಬಚ್ಚಲುಮನೆಯ ಸಿಮೆಂಟು ಮಾತ್ರ ತಟ್ಟೆ ತಟ್ಟೆಯಾಗಿ ಕಳಚಿತು. ಹೊಳೆ ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ಆ ವರ್ಷ ಬದನೆ, ಪುಂಡಿ ಎಷ್ಟು ಬೆಳೆಯಿತೆಂದರೆ ಓಣಿಗೆಲ್ಲ ಹಂಚಿದೆ.

ಆವರೆಗೆ ಮನೆಗೆ ಹಾಕಿದ ದುಡ್ಡು ಮೂವತ್ತೊಂದು ಮೂವತ್ತೆರಡು ಲಕ್ಷ. ಅಪ್ಪಾಜಿಯ ಡಯಾಲಿಸಿಸ್ ಶುರುವಾಗಿ ಕಲಬುರಗಿ ಬಿಟ್ಟು ಅಲ್ಲಾಡುವಂತಿರಲಿಲ್ಲ. ಮಾರುವುದೇ ಸರಿ ಅನ್ನಿಸಿತು.

ಮೊದಲ ಎಂಟು ತಿಂಗಳು ಏಜೆಂಟರ ದಾರಿಯಲ್ಲೇ ಹೋದೆ. ಅವರು ಮಧ್ಯಾಹ್ನ ಹನ್ನೆರಡಕ್ಕೆ ಕಾರಿನಲ್ಲಿ ಜನರನ್ನು ತರುತ್ತಿದ್ದರು. ಹತ್ತು ನಿಮಿಷ ನೋಡಿ “ದಂಡೆಗೆ ಎಷ್ಟು ಫುಟ್ ಫ್ರಂಟೇಜ್ ಐತಿ” ಅಂತ ಕೇಳಿ ಹೋಗುತ್ತಿದ್ದರು. ಗೋಡೆಯ ಮೇಲಿನ ನೆರೆಯ ಗುರುತಿಗೆ ಬಣ್ಣ ಬಳಿಯಿರಿ ಅಂತ ಒಬ್ಬರು ಹಟ ಹಿಡಿದರು. ಅವತ್ತೇ ಅವರನ್ನೆಲ್ಲ ಬಿಟ್ಟೆ. ಗೌಂಡಿಯನ್ನು ಕರೆಸಿ ಆ ಗುರುತಿನ ಮೇಲೆ ಉದ್ದಕ್ಕೂ ಕಾವಿಯ ಗೆರೆ ಎಳೆಸಿ, ‘ಅಕ್ಟೋಬರ್ 2020’ ಅಂತ ಬರೆಸಿದೆ. ಗೆಳತಿಗೆ ಫೋಟೋ ಕಳಿಸಿದರೆ, “ಇನ್ನು ಮುಗೀತು ಬಿಡು” ಅಂದಳು.

ನಂತರ ನನ್ನ ಷರತ್ತು ಒಂದೇ. ನಿಜವಾಗಿ ಬೇಕು ಅನ್ನುವವರು ಒಂದು ರಾತ್ರಿ ಅಲ್ಲಿ ಉಳಿಯಬೇಕು. ಬಾಡಿಗೆ ಇಲ್ಲ. ಊಟ ನಮ್ಮದು, ಜೋಳದ ರೊಟ್ಟಿ, ತೋಟದ ಪುಂಡಿಪಲ್ಯ. ಸಂಜೆ ಸನ್ನತಿಗೆ ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದ ಕನಗನಹಳ್ಳಿಯಲ್ಲಿ ‘ರಾಯೋ ಅಸೋಕೋ’ ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ ಜಾಗ ಅದು. ಈ ಹೊಳೆಯ ದಂಡೆ ಎಷ್ಟು ಹಳೆಯದು ಅಂತ ಬಾಯಲ್ಲಿ ಹೇಳುವುದು ಬೇರೆ, ಅಲ್ಲಿ ನಿಂತು ನೋಡುವುದು ಬೇರೆ. ರಾತ್ರಿ ಊಟ ಆದ ಮೇಲೆ ದೋಷ ತೋರಿಸುತ್ತಿದ್ದೆ. ಕಾವಿ ಗೆರೆ, ಬಚ್ಚಲುಮನೆ, ಮಾಳಿಗೆ ಸೋರುವ ಮೂಲೆ, ಗೆದ್ದಲು ಹತ್ತಿದ ಜಂತಿ. ನಂತರ ಖರ್ಚಿನ ವಹಿ ಕೈಗೆ ಕೊಡುತ್ತಿದ್ದೆ. ಯಾವ ಕೋಣೆಯನ್ನು ಮೊದಲು, ಯಾವುದನ್ನು ಕೊನೆಗೆ, ಯಾವ ಹೊತ್ತಿಗೆ ತೋರಿಸಬೇಕು ಅನ್ನುವುದರಲ್ಲಿ ಒಂದು ಲೆಕ್ಕ ಇದೆ. ಇನ್ನೂ ಎರಡು ಮನೆ ನನ್ನ ಕೈಲಿವೆ, ಅದನ್ನು ಈಗ ಹೇಳಲಾರೆ.

ನೋಡಲು ಬಂದವರು ನಲವತ್ತರ ಮೇಲೆ. ರಾತ್ರಿ ಉಳಿದವರು ಆರು ಮನೆಯವರು. ಬೆಲೆ ಹೇಳಿದವರು ಇಬ್ಬರು. ಕೊಂಡವರು ಹೈದರಾಬಾದಿನಲ್ಲಿ ಕೆಲಸದಲ್ಲಿರುವ ದಂಪತಿ, ಯಜಮಾನರ ಊರು ಯಾದಗಿರಿ ಕಡೆ. ಕಾವಿ ಗೆರೆ ನೋಡಿ ಅವರು ಮೊದಲು ಮಾಡಿದ ಕೆಲಸ, ಟೇಪ್ ಹಿಡಿದು ಕರೆಂಟಿನ ಪಾಯಿಂಟುಗಳನ್ನು ಅದಕ್ಕಿಂತ ಒಂದಡಿ ಮೇಲೆ ಗುರುತು ಹಾಕಿದ್ದು. ಕೊಳ್ಳುವವರು ಇವರೇ ಅಂತ ಆಗಲೇ ನನಗೆ ಗೊತ್ತಾಯಿತು.

ಕಾಗದಪತ್ರವೇ ಜಾಸ್ತಿ ಕಾಡಿದ್ದು. ಹಳೇ ದಸ್ತಾವೇಜು ಉರ್ದುವಿನಲ್ಲಿ, ಒಂದೆರಡು ಮರಾಠಿಯ ಹಳೇ ಮೋಡಿ ಲಿಪಿಯಲ್ಲಿ. ಓದಿಸಲು ನಿವೃತ್ತ ಮಾಸ್ತರರೊಬ್ಬರ ಮನೆಗೆ ಏಳೆಂಟು ಸಲ ಹೋದೆ. ಚಕಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಒಂದು ದಿಕ್ಕಿಗೆ ಬರೀ ‘ಹೊಳೆ’ ಅಂತಿದೆ. ಅಳತೆ ಹಾಕಿದರೆ ತೋಟ 31 ಗುಂಟೆಯೇ ಬಂತು. ಮೂರು ಗುಂಟೆ ಹೊಳೆ ತಿಂದಿತ್ತು. ಇದ್ದಷ್ಟನ್ನೇ ಬರೆಸಿದೆ. ವಾಡೆಯ ಇ-ಸ್ವತ್ತು ಉತಾರದಲ್ಲಿ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆಯಲ್ಲಿ, ಅಂಗಳವೇ ಬಿಟ್ಟುಹೋಗಿತ್ತು, ತಿದ್ದಿಸಲು ಒಂದು ಕಚೇರಿಗೆ ಐದು ತಿಂಗಳು ಅಲೆದೆ. ಗ್ರಾಹಕರನ್ನು ಹುಡುಕುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದದ್ದರಿಂದ ಒಕ್ಕಲುತನ ಇಲ್ಲದ ಇವರು ತೋಟವನ್ನೂ ಕೊಳ್ಳಲು ಆಯಿತು. ಇಲ್ಲದಿದ್ದರೆ ವಾಡೆ ಒಬ್ಬರಿಗೆ, ತೋಟ ಒಬ್ಬರಿಗೆ ಆಗುತ್ತಿತ್ತು. ನೋಂದಣಿ ಶುಲ್ಕ ಆಗ 1% ಇತ್ತು. 2025ರ ಆಗಸ್ಟ್ ಕೊನೆಯಿಂದ 2% ಆಗಿದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಖರ್ಚಿನ ವಹಿ, ಗಾರೆ ಅರೆಯುವ ಕಲ್ಲು, ಸವಳು ಮಣ್ಣು ಎಲ್ಲಿ ಸಿಗುತ್ತದೆ ಅನ್ನುವುದು, ಗೌಂಡಿಯ ಫೋನ್ ನಂಬರು, ಎಲ್ಲವನ್ನೂ ಅವರಿಗೆ ಕೊಟ್ಟೆ. ಗಾರೆಯ ಪ್ರಮಾಣವನ್ನೂ ವಹಿಯ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟೆ. ಮಿರುಗಕ್ಕೆ ಎಂಟು ದಿನ ಮುಂಚೆ ಆ ಮನೆಯ ಯಜಮಾನಿ ಫೋನ್ ಮಾಡಿದರು. “ಅಕ್ಕಾ, ಮಣ್ಣು ಬಂದಿದೆ, ಎಷ್ಟು ಬೆರಳು ದಪ್ಪ ಹಾಕಿಸಲಿ?” ಅಂದರು. ಸೋರುವ ಮೂಲೆಗೆ ನಾಲ್ಕು, ಉಳಿದ ಕಡೆ ಎರಡು ಅಂದೆ.